ನಡುಕ ನಿಂತಿತು, ಇನ್ನು ಒಳಗೆ ಹೋಗಬಹುದಾ?

2021ರ ಅಕ್ಟೋಬರ್. ನವರಾತ್ರಿ ನಡೆಯುತ್ತಿತ್ತು. ರಾತ್ರಿ ಹತ್ತು ದಾಟಿದ ಮೇಲೆ ಅವ್ವನ ಫೋನು ಬಂತು. ಆ ಹೊತ್ತಿಗೆ ಅವ್ವ ಫೋನ್ ಮಾಡೋಳಲ್ಲ. ಎತ್ತಿದ ಕೂಡಲೇ ಹಿನ್ನೆಲೆಯಲ್ಲಿ ಓಣಿ ಜನರ ಗದ್ದಲ ಕೇಳಿಸಿತು.

“ತಮ್ಮಾ, ಭೂಮಿ ಗುಡುಗುಡು ಅಂತು. ಗೋಡಿ ನಡುಗಿದ್ವು. ಮಾಡದಾಗಿನ ತಂಬಿಗಿ ಕೆಳಗ ಬಿತ್ತು. ಎಲ್ಲಾರೂ ಹೊರಗ ಬಂದೀವಿ. ನೀ ಎಂಜಿನಿಯರ್ ಇದ್ದೀಯಲ್ಲ, ಹೇಳು, ಇವತ್ತ ಒಳಗ ಮಲಕೋಬೇಕಾ ಹೊರಗಾ?”

ನಮ್ಮೂರು ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನಲ್ಲಿದೆ. ಆ ವಾರ ಅಲ್ಲೇ ಹತ್ತಿರದ ಗಡಿಕೇಶ್ವರದ ಸುತ್ತ ಒಂದರ ಹಿಂದೊಂದು ಕಂಪನ ಆಗುತ್ತಿತ್ತು. ಆ ರಾತ್ರಿಯದು 4ರ ಆಸುಪಾಸಿನದು. ನಾನು ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತವನು, ಗೊತ್ತಿರೋನ ಥರ ಉತ್ತರ ಕೊಟ್ಟೆ. “ದೊಡ್ಡದು ಬಂದು ಹೋಗ್ಯದ ಅವ್ವಾ. ಇನ್ನ ಬಂದ್ರ ಸಣ್ಣಾವು ಬರ್ತಾವ. ಅಂಜಬ್ಯಾಡ್ರಿ, ಒಳಗ ಮಲಕೋರಿ.”

ಫೋನ್ ಇಟ್ಟ ಮೇಲೆ ನನಗೇ ಅನುಮಾನ ಶುರುವಾಯಿತು. ಅದೇ ದೊಡ್ಡದು ಅಂತ ನನಗೆ ಹೇಳಿದವರು ಯಾರು? ಹುಡುಕುತ್ತಾ ಕೂತೆ. ಒಂದು ಗಂಟೆಯಲ್ಲಿ ಗೊತ್ತಾಗಿದ್ದು ಇಷ್ಟು: ನಾನು ಅವ್ವನಿಗೆ ಹೇಳಿದ ಮಾತನ್ನೇ ನಂಬಿ ಮನೆಯೊಳಗೆ ಹೋಗಿ ಮಲಗಿದವರು ಬೇರೆ ದೇಶದಲ್ಲಿ ಸತ್ತಿದ್ದಾರೆ. ಆ ರಾತ್ರಿ ಶುರುವಾದ ಓದು ಇನ್ನೂ ನಿಂತಿಲ್ಲ. ಅದರಲ್ಲಿ ಎಲ್ಲರಿಗೂ ಗೊತ್ತಿರಬೇಕು ಅನಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಇಟ್ಟಿಗೆ ಮತ್ತು ರಬ್ಬರ್ ಬ್ಯಾಂಡು

ಮೊದಲು ಭೂಕಂಪ ಅಂದ್ರೆ ಏನು ಅಂತ ನೋಡೋಣ. ಮನೆಯಲ್ಲೇ ಒಂದು ಪ್ರಯೋಗ ಮಾಡಬಹುದು. ಒಂದು ಇಟ್ಟಿಗೆಗೆ ದಾರ ಕಟ್ಟಿ, ದಾರದ ತುದಿಗೆ ಗಟ್ಟಿಯಾದ ರಬ್ಬರ್ ಬ್ಯಾಂಡು ಸಿಕ್ಕಿಸಿ, ಒರಟು ನೆಲದ ಮೇಲೆ ನಿಧಾನವಾಗಿ ಎಳೆಯಿರಿ. ನಿಮ್ಮ ಕೈ ಒಂದೇ ವೇಗದಲ್ಲಿ ಹೋಗುತ್ತಿರುತ್ತದೆ. ಇಟ್ಟಿಗೆ ಮಾತ್ರ ಅಲುಗಲ್ಲ. ರಬ್ಬರ್ ಹಿಗ್ಗುತ್ತಾ ಹೋಗುತ್ತದೆ. ಒಂದು ಹಂತದಲ್ಲಿ ಇಟ್ಟಿಗೆ ಗಕ್ಕನೆ ಮುಂದಕ್ಕೆ ಜಿಗಿದು ಮತ್ತೆ ನಿಲ್ಲುತ್ತದೆ. ಮತ್ತೆ ಹಿಗ್ಗುವುದು, ಮತ್ತೆ ಜಿಗಿಯುವುದು.

ಕೈ ಅಂದ್ರೆ ವರ್ಷಕ್ಕೆ ಕೆಲವು ಸೆಂಟಿಮೀಟರ್ ಸರಿಯುವ ಭೂಫಲಕ. ರಬ್ಬರ್ ಅಂದ್ರೆ ಬಂಡೆ. ಇಟ್ಟಿಗೆಯ ತಳ ಅಂದ್ರೆ ಫಾಲ್ಟ್. ಶಾಲೆಯ ಪುಸ್ತಕದಲ್ಲಿ ಇದನ್ನೇ ಸ್ತರಭಂಗ ಅಂತ ಓದಿರುತ್ತೇವೆ. ಫಾಲ್ಟ್ ಅಂದ ಕೂಡಲೇ ಸಿನಿಮಾದಲ್ಲಿ ತೋರಿಸುವ ಬಾಯಿ ತೆರೆದ ಬಿರುಕು ಕಣ್ಣ ಮುಂದೆ ಬರುತ್ತದೆ. ನಿಜದಲ್ಲಿ ಅದು ಬಿಗಿಯಾಗಿ ಮುಚ್ಚಿರುವ ಜಾಗ. ಎರಡು ಬದಿಯ ಬಂಡೆಗಳು ಮೇಲಿನ ಭಾರಕ್ಕೆ ಒಂದಕ್ಕೊಂದು ಒತ್ತಿಕೊಂಡು, ಘರ್ಷಣೆಯಿಂದ ಕಚ್ಚಿಕೊಂಡು ಕೂತಿರುತ್ತವೆ.

ಬಂಡೆ ಹೇಗೆ ಹಿಗ್ಗುತ್ತೆ ಅಂತ ನನಗೂ ಮೊದಲು ಒಪ್ಪಿಗೆಯಾಗಲಿಲ್ಲ. ಆದರೆ ಹತ್ತಾರು ಕಿಲೋಮೀಟರ್ ಅಗಲದ ಬಂಡೆ ಕೆಲವು ಮೀಟರ್ ಬಾಗುವುದು ದೊಡ್ಡ ವಿಷಯವಲ್ಲ. 1906ರ ಏಪ್ರಿಲ್ 18ರಂದು ಸ್ಯಾನ್ ಫ್ರಾನ್ಸಿಸ್ಕೋ ಭೂಕಂಪ ಆಯಿತು. ಸ್ಯಾನ್ ಆಂಡ್ರಿಯಾಸ್ ಫಾಲ್ಟನ್ನು ದಾಟಿ ಹೋಗಿದ್ದ ಹೊಲದ ಬೇಲಿಗಳು ಕೆಲವು ಕಡೆ ಹಲವು ಮೀಟರ್ ಪಕ್ಕಕ್ಕೆ ಸರಿದು ಎರಡು ತುಂಡಾಗಿದ್ದವು. ಹ್ಯಾರಿ ಫೀಲ್ಡಿಂಗ್ ರೀಡ್ ಎಂಬ ವಿಜ್ಞಾನಿ ಹಳೆಯ ಭೂಮಾಪನದ ಲೆಕ್ಕಗಳನ್ನು ತೆಗೆದು ನೋಡಿದರು. ಫಾಲ್ಟ್‌ನಿಂದ ದೂರದ ಜಾಗಗಳು ಭೂಕಂಪಕ್ಕೆ ದಶಕಗಳ ಮೊದಲಿನಿಂದಲೇ ನಿಧಾನವಾಗಿ ಸರಿಯುತ್ತಿದ್ದವು, ಫಾಲ್ಟ್ ಪಕ್ಕದ ಜಾಗ ಕಚ್ಚಿಕೊಂಡು ನಿಂತಿತ್ತು. ಆ ಬಾಕಿಯೆಲ್ಲಾ ಒಂದು ನಿಮಿಷದೊಳಗೆ ತೀರಿತು. 1910ರಲ್ಲಿ ಅವರು ಮುಂದಿಟ್ಟ ಈ ವಿವರಣೆ ಇವತ್ತಿಗೂ ಭೂಕಂಪದ ಪಾಠದ ಮೊದಲ ಪುಟ.

ಇನ್ನೊಂದು ಮಾತು. ಪೂರ್ತಿ ಫಾಲ್ಟ್ ಒಮ್ಮೆಗೇ ಜಾರುವುದಿಲ್ಲ. ಒಂದು ಕಡೆ ಬಿಟ್ಟುಕೊಂಡು, ಸೆಕೆಂಡಿಗೆ ಎರಡು ಮೂರು ಕಿಲೋಮೀಟರ್ ವೇಗದಲ್ಲಿ ಸೀಳುತ್ತಾ ಹೋಗುತ್ತದೆ. ಎಲ್ಲಿ ನಿಲ್ಲುತ್ತೆ ಅನ್ನುವುದರ ಮೇಲೆ ಭೂಕಂಪದ ಗಾತ್ರ. ಶುರುವಾಗುವಾಗ ಸಣ್ಣದಕ್ಕೂ ದೊಡ್ಡದಕ್ಕೂ ಗೊತ್ತಾಗುವಂಥ ವ್ಯತ್ಯಾಸ ಇರಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಒಂದರ ಹಿಂದೆ ಅಷ್ಟೊಂದು ಯಾಕೆ?

ಜಾರಿದ ಮೇಲೆ ಒತ್ತಡ ಇಳಿಯಿತಲ್ಲ, ಮತ್ತೆ ಯಾಕೆ ನಡುಗಬೇಕು? ಒತ್ತಡ ಪೂರ್ತಿ ಇಳಿಯುವುದಿಲ್ಲ, ಜಾಗ ಬದಲಾಯಿಸುತ್ತದೆ. ಜಾರಿದ ಭಾಗದಲ್ಲಿ ಕಡಿಮೆಯಾಗುತ್ತದೆ. ಜಾರುವುದು ಎಲ್ಲಿ ನಿಂತಿತೋ ಆ ಅಂಚಿನಲ್ಲಿ, ನಡುವೆ ಜಾರದೆ ಉಳಿದ ತುಣುಕುಗಳಲ್ಲಿ, ಅಕ್ಕಪಕ್ಕದ ಬೇರೆ ಫಾಲ್ಟ್‌ಗಳಲ್ಲಿ ಹೆಚ್ಚಾಗುತ್ತದೆ. ನಾಲ್ಕು ಜನ ಹೊತ್ತ ಮಂಚವನ್ನು ಒಬ್ಬ ಬಿಟ್ಟರೆ ಉಳಿದ ಮೂವರ ಹೆಗಲ ಮೇಲೆ ಭಾರ ಬೀಳುತ್ತದಲ್ಲ, ಹಾಗೆ.

ಈ ಮೂವರಲ್ಲಿ ಮೊದಲೇ ಸುಸ್ತಾಗಿದ್ದವನು ತಕ್ಷಣ ಕುಸಿಯುತ್ತಾನೆ. ಇನ್ನೊಬ್ಬ ಸ್ವಲ್ಪ ಹೊತ್ತು ತಾಳುತ್ತಾನೆ. ಬಂಡೆಯಲ್ಲೂ ಹೀಗೇ. ಜಾರುವ ಅಂಚಿಗೆ ಬಂದಿದ್ದ ತುಣುಕುಗಳು ನಿಮಿಷ, ಗಂಟೆಗಳಲ್ಲಿ ಜಾರುತ್ತವೆ. ಇನ್ನೂ ತಾಳುವ ಶಕ್ತಿ ಇದ್ದವು ತಿಂಗಳು, ವರ್ಷ ತೆಗೆದುಕೊಳ್ಳುತ್ತವೆ. ಇವೇ ಪಶ್ಚಾತ್ ಕಂಪನಗಳು.

ಇದರ ಲೆಕ್ಕವನ್ನು ಮೊದಲು ಹಿಡಿದವರು ಜಪಾನಿನ ಫುಸಾಕಿಚಿ ಒಮೋರಿ. 1891ರ ಅಕ್ಟೋಬರ್ 28ರಂದು ಜಪಾನಿನ ನೋಬಿ ಪ್ರದೇಶದಲ್ಲಿ ಭಾರಿ ಭೂಕಂಪ ಆಗಿ 7,000ಕ್ಕೂ ಹೆಚ್ಚು ಜನ ಸತ್ತರು. ಆಗ ಒಮೋರಿಗೆ ಇಪ್ಪತ್ಮೂರರ ಆಸುಪಾಸು. ಗಿಫು ಎಂಬ ಊರಿನ ಕೇಂದ್ರದಲ್ಲಿ ದಿನಕ್ಕೆ ಎಷ್ಟು ಕಂಪನ ದಾಖಲಾಯಿತು ಅಂತ ಎಣಿಸುತ್ತಾ ಹೋದರು. 1894ರಲ್ಲಿ ಪ್ರಕಟಿಸಿದ ಅವರ ನಿಯಮ ಸರಳ: ಕಂಪನಗಳ ಸಂಖ್ಯೆ ಕಳೆದ ಕಾಲಕ್ಕೆ ವಿಲೋಮವಾಗಿ ಇಳಿಯುತ್ತದೆ.

ಉದಾಹರಣೆಗೆ, ಮೊದಲ ದಿನ 100 ಕಂಪನ ಅಂದುಕೊಳ್ಳಿ. ಎರಡನೇ ದಿನ ಸುಮಾರು 50. ಮೂರನೇ ದಿನ 33. ಹತ್ತನೇ ದಿನ 10. ನೂರನೇ ದಿನ 1.

ನನ್ನಂಥ ಸಾಫ್ಟ್‌ವೇರ್‌ನವರಿಗೆ ಇದರಲ್ಲಿ ಒಂದು ಎಚ್ಚರಿಕೆ ಇದೆ. ನಾವು ‘ಕಡಿಮೆಯಾಗುತ್ತಾ ಹೋಗುತ್ತೆ’ ಅಂದ್ರೆ ಪ್ರತಿ ದಿನ ಅರ್ಧ ಅರ್ಧ ಆಗುತ್ತೆ ಅಂದುಕೊಳ್ಳುತ್ತೇವೆ. ಹಾಗಿದ್ದರೆ 100, 50, 25 ಅಂತ ಇಳಿದು ಹತ್ತನೇ ದಿನಕ್ಕೆ ಲೆಕ್ಕಕ್ಕೇ ಸಿಗಬಾರದು. ಒಮೋರಿಯ ಇಳಿಕೆ ಹಾಗಲ್ಲ. ಶುರುವಿನಲ್ಲಿ ಬೇಗ, ಆಮೇಲೆ ತುಂಬಾ ನಿಧಾನ. ಬಾಲ ಬಹಳ ಉದ್ದ. 1961ರಲ್ಲಿ ಟೊಕುಜಿ ಉತ್ಸು ಈ ನಿಯಮವನ್ನು ಸ್ವಲ್ಪ ತಿದ್ದಿದರು. ನೋಬಿ ಭೂಕಂಪದ ಪಶ್ಚಾತ್ ಕಂಪನಗಳು ನೂರು ವರ್ಷದವರೆಗೂ ಹೆಚ್ಚುಕಡಿಮೆ ಈ ಗೆರೆಯ ಮೇಲೇ ನಡೆದವು. ಎಣಿಸಿದ ಮನುಷ್ಯ ಹೋದ ಎಷ್ಟೋ ವರ್ಷಗಳ ಮೇಲೂ ನೆಲ ಅವನ ಲೆಕ್ಕದ ಪ್ರಕಾರ ನಡುಗುತ್ತಿತ್ತು.

ನಿಯಮ ಹೇಳದೇ ಬಿಟ್ಟಿದ್ದು

ಇದರ ಜೊತೆ ಇನ್ನೆರಡು ಲೆಕ್ಕಗಳಿವೆ. ಅದಕ್ಕೆ ಮುಂಚೆ ಮ್ಯಾಗ್ನಿಟ್ಯೂಡ್ ಬಗ್ಗೆ ಒಂದು ಮಾತು. ಅದು ನಮ್ಮ ಪರೀಕ್ಷೆಯ ಅಂಕದಂತಲ್ಲ. 5ರಿಂದ 6ಕ್ಕೆ ಹೋದರೆ ಹೊರಬರುವ ಶಕ್ತಿ ಸುಮಾರು 32 ಪಟ್ಟು ಹೆಚ್ಚು.

ಮೊದಲನೆಯದು ಗುಟೆನ್‌ಬರ್ಗ್ ಮತ್ತು ರಿಕ್ಟರ್ ಕೊಟ್ಟ ಲೆಕ್ಕ. ಮ್ಯಾಗ್ನಿಟ್ಯೂಡ್ ಒಂದು ಇಳಿದರೆ ಕಂಪನಗಳ ಸಂಖ್ಯೆ ಸುಮಾರು ಹತ್ತು ಪಟ್ಟು ಏರುತ್ತದೆ. 5ರದ್ದು ಒಂದು ಬಂದರೆ 4ರವು ಹತ್ತು, 3ರವು ನೂರು. ಎರಡನೆಯದು ಸ್ವೀಡನ್ನಿನ ಬೋತ್ ಹೆಸರಿನದು. ಸರಾಸರಿಯಲ್ಲಿ, ಅತಿ ದೊಡ್ಡ ಪಶ್ಚಾತ್ ಕಂಪನ ಮುಖ್ಯ ಕಂಪನಕ್ಕಿಂತ ಸುಮಾರು 1.2 ಕಡಿಮೆ ಇರುತ್ತದೆ. 7.1 ಬಂದರೆ, ಆಮೇಲಿನದು 5.9ರ ಆಸುಪಾಸು.

ಮೂರನ್ನೂ ಒಟ್ಟಿಗೆ ಇಟ್ಟು ಓದಿದರೆ ಮನಸ್ಸಿಗೆ ಸಮಾಧಾನ ಆಗುತ್ತೆ. ಸಂಖ್ಯೆ ಇಳಿಯುತ್ತೆ, ಬರುವುದೆಲ್ಲ ಸಣ್ಣದು. ಅವ್ವನಿಗೆ ನಾನು ಹೇಳಿದ್ದೂ ಇದನ್ನೇ ಅಲ್ಲವಾ?

ಇಲ್ಲಿ ಎರಡು ತಪ್ಪುಗಳಿವೆ. ಒಂದು, ಒಮೋರಿ ಹೇಳಿದ್ದು ಸಂಖ್ಯೆ ಇಳಿಯುತ್ತೆ ಅಂತ, ಗಾತ್ರ ಇಳಿಯುತ್ತೆ ಅಂತ ಅಲ್ಲ. ಚೀಟಿ ಎತ್ತುವ ಆಟ ಅಂದುಕೊಳ್ಳಿ. ದಿನ ಕಳೆದಂತೆ ಎತ್ತುವ ಚೀಟಿಗಳು ಕಡಿಮೆ. ಆದರೆ ಡಬ್ಬಿಯೊಳಗಿನ ಚೀಟಿಗಳು ಮೊದಲ ದಿನ ಇದ್ದವೇ. ನೂರನೇ ದಿನ ಎತ್ತಿದ ಒಂದೇ ಚೀಟಿ ದೊಡ್ಡದಾಗಿರಬಹುದು.

ಎರಡನೇ ತಪ್ಪು ಇನ್ನೂ ಮೂಲದ್ದು. ‘ಮುಖ್ಯ’, ‘ಪೂರ್ವ’, ‘ಪಶ್ಚಾತ್’ ಅನ್ನುವ ಹೆಸರುಗಳನ್ನು ಭೂಕಂಪ ಹೊತ್ತುಕೊಂಡು ಬರುವುದಿಲ್ಲ. ಎಲ್ಲಾ ಮುಗಿದ ಮೇಲೆ ಪಟ್ಟಿ ನೋಡಿ, ಅತಿ ದೊಡ್ಡದಕ್ಕೆ ‘ಮುಖ್ಯ’ ಅಂತ ನಾವು ಹೆಸರಿಡುತ್ತೇವೆ. ಯಂತ್ರದ ಗೆರೆ ನೋಡಿ ‘ಇದು ಮುಂಚಿನದು, ಇನ್ನೂ ದೊಡ್ಡದು ಬರಲಿದೆ’ ಅಂತ ಹೇಳುವ ಖಚಿತ ದಾರಿ ಇವತ್ತಿಗೂ ಇಲ್ಲ. ಶುರುವಿನಲ್ಲಿ ಎಲ್ಲವೂ ಒಂದೇ ಥರ ಅಂತ ಮೊದಲೇ ಹೇಳಿದೆನಲ್ಲ, ಅದಕ್ಕೇ. ಅಂದಾಜು ನೂರರಲ್ಲಿ ಐದು ಸಲ, ಒಂದು ಭೂಕಂಪದ ಹಿಂದೆ ಒಂದು ವಾರದೊಳಗೆ ಅದೇ ಸುತ್ತಮುತ್ತ ಅದಕ್ಕಿಂತ ದೊಡ್ಡದು ಬರುತ್ತದೆ.

ಇದು ನನಗೆ ಆಫೀಸಿನಿಂದಲೇ ಗೊತ್ತಿರಬೇಕಿತ್ತು. ಆನ್‌ಕಾಲ್ ಮಾಡಿದವರಿಗೆಲ್ಲ ಗೊತ್ತು. ರಾತ್ರಿ ಎರಡಕ್ಕೆ ಸರ್ವರ್ ಬಿದ್ದು, ಎದ್ದು, ‘ರಿಸಾಲ್ವ್ಡ್’ ಅಂತ ಟಿಕೆಟ್ ಮುಚ್ಚಿ ಮಲಗಿದ ಅರ್ಧ ಗಂಟೆಗೆ ಅದಕ್ಕಿಂತ ದೊಡ್ಡದು ಬೀಳುತ್ತದೆ. ಮುಚ್ಚಿದ್ದು ನಮ್ಮ ಟಿಕೆಟ್ ಅಷ್ಟೇ, ತೊಂದರೆ ಅಲ್ಲ.

ಕುಮಾಮೊಟೊ: 28 ಗಂಟೆ

ಆ ರಾತ್ರಿ ನಾನು ಓದಿ ಬೆವೆತಿದ್ದು ಕುಮಾಮೊಟೊ ಕಥೆ. ದಕ್ಷಿಣ ಜಪಾನಿನ ಕ್ಯುಶು ದ್ವೀಪದ ನಗರ. 2016ರ ಏಪ್ರಿಲ್ 14, ರಾತ್ರಿ 9.26. ಜಪಾನಿನ ಮಾಪಕದಲ್ಲಿ 6.5ರ ಭೂಕಂಪ. ಪಕ್ಕದ ಮಾಶಿಕಿ ಪಟ್ಟಣದಲ್ಲಿ ಅಲುಗಾಟ ಅವರ ಪಟ್ಟಿಯ ಅತಿ ಮೇಲಿನ ಹಂತ, 7ಕ್ಕೆ ಮುಟ್ಟಿತು. 9 ಜನ ಸತ್ತರು. ಜನ ಮೈದಾನಕ್ಕೆ, ಆಶ್ರಯ ಕೇಂದ್ರಗಳಿಗೆ ಬಂದರು.

ಮರುದಿನ ಹವಾಮಾನ ಇಲಾಖೆ ನಿಯಮದ ಪ್ರಕಾರ ಲೆಕ್ಕ ಹಾಕಿ ಪ್ರಕಟಣೆ ಕೊಟ್ಟಿತು. ಮುಂದಿನ ಮೂರು ದಿನದಲ್ಲಿ ಜೋರಾಗಿ ಅಲುಗಿಸುವ ಪಶ್ಚಾತ್ ಕಂಪನ ಆಗುವ ಸಾಧ್ಯತೆ ನೂರಕ್ಕೆ 20. ಲೆಕ್ಕ ತಪ್ಪಿರಲಿಲ್ಲ. ಆದರೆ ಕೇಳಿದವರಿಗೆ ಕೇಳಿಸಿದ್ದು ಎರಡು ಮಾತು. ‘20 ಅಂದ್ರೆ ಕಡಿಮೆ.’ ‘ಪಶ್ಚಾತ್ ಅಂದ್ರೆ ಸಣ್ಣದು.’ ಕೆಲವರು ಮನೆಗೆ ಮರಳಿದರು. ಬಿದ್ದ ಸಾಮಾನು ಎತ್ತಿಟ್ಟು, ಸ್ನಾನ ಮಾಡಿ, ತಮ್ಮ ಹಾಸಿಗೆಯಲ್ಲಿ ಮಲಗಿದರು. ನಾವೂ ಅದನ್ನೇ ಮಾಡುತ್ತಿದ್ದೆವು.

ಏಪ್ರಿಲ್ 16, ನಸುಕಿನ 1.25. ಈ ಸಲ 7.3. ಶಕ್ತಿಯ ಲೆಕ್ಕದಲ್ಲಿ ಮೊದಲಿನದಕ್ಕಿಂತ ಸುಮಾರು 16 ಪಟ್ಟು. ಮೊದಲನೆಯದು ಹಿನಾಗು ಎಂಬ ಫಾಲ್ಟ್‌ನಲ್ಲಿ ಆಗಿತ್ತು. ಅದಕ್ಕೆ ತಾಗಿಕೊಂಡಿರುವ ಫುತಾಗಾವಾ ಫಾಲ್ಟ್ ಈಗ ಜಾರಿತು. ಮಂಚದ ಇನ್ನೊಂದು ಹೆಗಲು ಕುಸಿದ ಹಾಗೆ. ಮಾಶಿಕಿಯಲ್ಲಿ ಎರಡನೇ ಸಲ ಅಲುಗಾಟ 7 ಮುಟ್ಟಿತು. ಒಂದೇ ಊರಲ್ಲಿ ಎರಡು ಸಲ ಹೀಗಾಗಿದ್ದು ಜಪಾನಿನ ದಾಖಲೆಯಲ್ಲೇ ಮೊದಲು. ಮೊದಲ ಹೊಡೆತಕ್ಕೆ ಬಿರುಕು ಬಿಟ್ಟು ನಿಂತಿದ್ದ ಮನೆಗಳು ಎರಡನೆಯದಕ್ಕೆ ಕೂತವು. ಮನೆ ಕುಸಿದು, ಗುಡ್ಡ ಜಾರಿ ನೇರವಾಗಿ ಸತ್ತವರು ಎರಡೂ ಸೇರಿ 50.

14ರ ರಾತ್ರಿ ‘ಮುಖ್ಯ’ ಅನಿಸಿಕೊಂಡದ್ದು 16ರ ನಸುಕಿಗೆ ‘ಪೂರ್ವ’ ಆಯಿತು. ನೆಲದೊಳಗೆ ಏನೂ ತಿದ್ದುಪಡಿ ಆಗಿರಲಿಲ್ಲ, ಪುಸ್ತಕದಲ್ಲಿ ಹೆಸರು ಮಾತ್ರ ಬದಲಾಯಿತು.

ಜಪಾನ್ ಇದರಿಂದ ಪಾಠ ಕಲಿಯಿತು. ಅದೇ ವರ್ಷ ಆಗಸ್ಟ್‌ನಿಂದ ದೊಡ್ಡ ಭೂಕಂಪ ಆದ ತಕ್ಷಣದ ಪ್ರಕಟಣೆಯಲ್ಲಿ ‘ಪಶ್ಚಾತ್ ಕಂಪನ’ ಎಂಬ ಪದ ಬಳಸುವುದನ್ನೇ ಬಿಟ್ಟರು. ಈಗ ಹೇಳುವುದು ಹೀಗೆ: ಮುಂದಿನ ಸುಮಾರು ಒಂದು ವಾರ, ಈಗ ಆದಷ್ಟೇ ಜೋರಿನ ಕಂಪನ ಮತ್ತೆ ಬರಬಹುದು ಎಂದು ತಿಳಿದು ಎಚ್ಚರದಿಂದಿರಿ. ಒಂದು ಪದ ಜನರನ್ನು ಮನೆಯೊಳಗೆ ಕಳಿಸುತ್ತೆ ಅಂತ ಗೊತ್ತಾದ ಮೇಲೆ ವಿಜ್ಞಾನಿಗಳು ತಮ್ಮ ಪದವನ್ನೇ ಬದಲಾಯಿಸಿದರು.

ಸಣ್ಣದು ಅಂದ್ರೆ ಹಗುರ ಅಲ್ಲ

ಸರಿ, ದೊಡ್ಡದೇ ಮೊದಲು ಬಂತು ಅಂತ ಇಟ್ಟುಕೊಳ್ಳೋಣ. ಆಮೇಲೆ ಬರುವ ಸಣ್ಣದಕ್ಕೆ ಹೆದರಬೇಕಾ? ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರವನ್ನು ಕೇಳಬೇಕು.

2010ರ ಸೆಪ್ಟೆಂಬರ್ 4ರ ನಸುಕಿನಲ್ಲಿ ನಗರದಿಂದ ಸುಮಾರು 40 ಕಿ.ಮೀ. ಪಶ್ಚಿಮಕ್ಕೆ 7.1ರ ಭೂಕಂಪ. ಬೀದಿ ಖಾಲಿ. ಕಟ್ಟಡ ಕುಸಿದು ಒಬ್ಬರೂ ಸಾಯಲಿಲ್ಲ. ದೊಡ್ಡದು ಬಂದು ಹೋಯಿತು ಅಂತ ಎಲ್ಲರೂ ಉಸಿರು ಬಿಟ್ಟರು. ಐದು ತಿಂಗಳು ಕಳೆಯಿತು. 2011ರ ಫೆಬ್ರವರಿ 22, ಮಧ್ಯಾಹ್ನ 12.51. ಮ್ಯಾಗ್ನಿಟ್ಯೂಡ್ 6.2. ಕೇಂದ್ರ ನಗರದ ಪಕ್ಕದಲ್ಲೇ, ಆಳ ಐದೇ ಕಿಲೋಮೀಟರ್ ಆಸುಪಾಸು. ಜನ ಆಫೀಸಿನಲ್ಲಿ, ಊಟದ ಹೊತ್ತಿನ ಬೀದಿಯಲ್ಲಿ. 185 ಜನ ಸತ್ತರು. ಅದರಲ್ಲಿ 115 ಮಂದಿ ಒಂದೇ ಕಟ್ಟಡದವರು.

ಬೋತ್ ನಿಯಮ ಇಲ್ಲಿ ಹೆಚ್ಚು ತಪ್ಪಲಿಲ್ಲ. 5.9 ಅಂದಿದ್ದಕ್ಕೆ 6.2 ಬಂತು. ಆದರೆ ಮ್ಯಾಗ್ನಿಟ್ಯೂಡ್ ಹೇಳುವುದು ಫಾಲ್ಟ್ ಎಷ್ಟು ಜಾರಿತು ಅಂತ ಮಾತ್ರ. ಅದು ನಿಮ್ಮಿಂದ ಎಷ್ಟು ದೂರ, ಎಷ್ಟು ಆಳ, ನಿಮ್ಮ ತಲೆಯ ಮೇಲೆ ಎಂಥ ಛಾವಣಿ ಇದೆ ಅನ್ನುವುದು ಆ ಸಂಖ್ಯೆಯೊಳಗೆ ಇಲ್ಲ.

ನಮ್ಮೂರಿನ ನಡುಕ

ಈಗ ಚಿಂಚೋಳಿಗೆ ಬರೋಣ. ನಮ್ಮದು ಫಲಕದ ಅಂಚಿನ ಊರಲ್ಲ, ನಟ್ಟನಡುವಿನದು. ಭಾರತದ ಫಲಕ ಉತ್ತರಕ್ಕೆ ವರ್ಷಕ್ಕೆ ಸುಮಾರು ಐದು ಸೆಂಟಿಮೀಟರ್ ಸರಿದು ಏಷ್ಯಾವನ್ನು ಒತ್ತುತ್ತಿದೆ. ಹಿಮಾಲಯದಲ್ಲಿ ಬೀಳುವ ಆ ಒತ್ತಡದ ಒಂದು ಪಾಲು ಒಳನಾಡಿನ ಹಳೆಯ ಫಾಲ್ಟ್‌ಗಳ ಮೇಲೂ ಬೀಳುತ್ತದೆ. ಅಪರೂಪ, ಆದರೆ ಇಲ್ಲವೇ ಇಲ್ಲ ಅಂತಲ್ಲ.

ಇನ್ನೊಂದು ವಿಶೇಷ ನೀರು. ಮಳೆಗಾಲದ ನೀರು ಬಂಡೆಯ ಸಂದುಗಳಿಗೆ ಇಳಿದರೆ ಅಲ್ಲಿನ ಒತ್ತಡ ಏರಿ, ಎರಡು ಬದಿಯ ಬಿಗಿತ ಸಡಿಲವಾಗುತ್ತದೆ. ಜಾರಲು ಸ್ವಲ್ಪವೇ ಬಾಕಿ ಇದ್ದದ್ದು ಜಾರುತ್ತದೆ. ಗಡಿಕೇಶ್ವರದ ಸಣ್ಣ ಕಂಪನಗಳಿಗೆ ವಿಜ್ಞಾನಿಗಳು ಕೊಟ್ಟ ವಿವರಣೆ ಇದೇ. ಆಳ ಕಡಿಮೆ ಇದ್ದಾಗ ಸದ್ದೂ ಕೇಳಿಸುತ್ತದೆ. ನೆಲದ ಅಲೆ ಗಾಳಿಗೆ ದಾಟಿ ಕಿವಿಗೆ ಬರುವುದೇ ಆ ಗುಡುಗುಡು. ನೆಲದಡಿ ಸ್ಫೋಟ ಆಗುತ್ತಿದೆ ಅಂತ ಓಣಿಯಲ್ಲಿ ಹರಡಿದ ಸುದ್ದಿಗೆ ಕಾರಣ ಇಷ್ಟೇ.

ಹೀಗೆ ಹೆಚ್ಚುಕಡಿಮೆ ಒಂದೇ ಗಾತ್ರದವು ಗುಂಪಾಗಿ ಬಂದು, ‘ಇದೇ ಮುಖ್ಯ’ ಅಂತ ಬೆರಳು ತೋರಿಸಲು ಯಾವುದೂ ಇಲ್ಲದಿದ್ದರೆ ಅದನ್ನು ಕಂಪನಗಳ ಹಿಂಡು ಅನ್ನುತ್ತಾರೆ. ಹಿಂಡಿಗೆ ಒಮೋರಿಯ ಇಳಿಕೆಯ ಲೆಕ್ಕ ನೇರವಾಗಿ ಒಪ್ಪುವುದಿಲ್ಲ. ಅಂದ್ರೆ ನಾನು ಅವ್ವನಿಗೆ ಕೊಟ್ಟ ಭರವಸೆಗೆ ಆ ನಿಯಮದ ಆಸರೆಯೂ ಇರಲಿಲ್ಲ. ಹಿಂಡುಗಳಲ್ಲಿ ಬಹಳಷ್ಟು ಸುಮ್ಮನೆ ತಣ್ಣಗಾಗುತ್ತವೆ. ಎಲ್ಲವೂ ಅಲ್ಲ.

ಆ ‘ಎಲ್ಲವೂ ಅಲ್ಲ’ ಅನ್ನುವುದಕ್ಕೆ ಉದಾಹರಣೆ ನಮ್ಮ ಮನೆಯಿಂದ ನೇರ ಗೆರೆ ಎಳೆದರೆ ನೂರು ಕಿಲೋಮೀಟರ್ ಆಸುಪಾಸಿನಲ್ಲಿದೆ. ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿ. 1993ರ ಸೆಪ್ಟೆಂಬರ್ 30, ನಸುಕಿನ 4ಕ್ಕೆ ಕೆಲವೇ ನಿಮಿಷ ಬಾಕಿ. ಹಿಂದಿನ ರಾತ್ರಿ ಗಣಪತಿ ಕಳಿಸಿ ಬಂದು ಜನ ಗಾಢ ನಿದ್ದೆಯಲ್ಲಿದ್ದರು. ಮ್ಯಾಗ್ನಿಟ್ಯೂಡ್ 6.2. ಸತ್ತವರು ಹತ್ತಿರ ಹತ್ತಿರ 10,000. ಕಲಬುರಗಿ, ಬೀದರ್ ಕಡೆಯೂ ಜನ ಹೊರಗೆ ಓಡಿ ಬಂದಿದ್ದರು. ಆಗ ನಾನು ಅವ್ವನ ಹೊಟ್ಟೆಯಲ್ಲಿದ್ದೆ. ಕಿಲ್ಲಾರಿ ಸುತ್ತ ಅದಕ್ಕೆ ಹಿಂದಿನ ವರ್ಷ, 1992ರಲ್ಲಿ, ಸಣ್ಣ ಸಣ್ಣ ಕಂಪನಗಳಾಗಿದ್ದವು.

ಹಾಗಂತ ಪ್ರತಿ ಸಣ್ಣ ನಡುಕವೂ ಕಿಲ್ಲಾರಿ ಆಗುತ್ತೆ ಅಂತಲ್ಲ. 2021ರಲ್ಲಿ ನಮ್ಮೂರಲ್ಲಿ ದೊಡ್ಡದೇನೂ ಆಗಲಿಲ್ಲ. ಆದರೆ ಅದು ಆ ರಾತ್ರಿ ನನಗೆ ಗೊತ್ತಿರಲಿಲ್ಲ, ಯಾರಿಗೂ ಗೊತ್ತಿರಲು ಸಾಧ್ಯವಿರಲಿಲ್ಲ.

ಕಿಲ್ಲಾರಿಯಲ್ಲಿ 6.2 ಅಷ್ಟು ಜನರನ್ನು ಕೊಂದಿದ್ದು ಮನೆಗಳ ಕಾರಣಕ್ಕೆ. ದಪ್ಪ ಕಲ್ಲಿನ ಗೋಡೆ, ನಡುವೆ ಬರೀ ಮಣ್ಣು, ಮೇಲೆ ಮಣ್ಣು ತುಂಬಿದ ಭಾರದ ಮಾಳಿಗೆ. ಬಿಸಿಲಿಗೆ ತಂಪು, ನಡುಕಕ್ಕೆ ಗೋರಿ. ಗೋಡೆಯ ಹೊರಮುಖ, ಒಳಮುಖ ಬೇರೆಯಾಗಿ ಬಿಟ್ಟುಕೊಂಡರೆ ಮಾಳಿಗೆ ನೇರವಾಗಿ ಮಲಗಿದವರ ಮೇಲೆ ಬರುತ್ತದೆ. ನಮ್ಮ ಹಳೆಯ ಮನೆಯೂ ಅಂಥದ್ದೇ.

ಹಾಗಾದರೆ ಊರಿಗೆ ಏನು ಹೇಳೋದು?

ನೀವೂ ನನ್ನಂತೆ ನಗರದಲ್ಲಿದ್ದು, ಊರಿನ ಹಿರಿಯರಿಗೆ ಫೋನಿನಲ್ಲೇ ಎಂಜಿನಿಯರ್ ಆಗಿದ್ದರೆ, ‘ಇನ್ನು ಬರಲ್ಲ’ ಅಂತ ಮಾತ್ರ ಹೇಳಬೇಡಿ. ‘ಇಂಥ ದಿನ ಬರುತ್ತೆ’ ಅಂತ ವಾಟ್ಸಾಪಿನಲ್ಲಿ ಬಂದಿದ್ದನ್ನೂ ಮುಂದೆ ಕಳಿಸಬೇಡಿ. ದಿನ, ಗಂಟೆ ಹೇಳಿ ಭೂಕಂಪ ಮುನ್ಸೂಚಿಸುವ ವಿಧಾನ ಜಗತ್ತಿನಲ್ಲಿ ಯಾರ ಬಳಿಯೂ ಇಲ್ಲ. ಹೇಳಬಹುದಾದದ್ದು ಇಷ್ಟು:

ಕೇಳಬೇಕಾದ ಮೊದಲ ಪ್ರಶ್ನೆ ‘ಮತ್ತೆ ಬರುತ್ತಾ’ ಅಲ್ಲ, ‘ಯಾವ ಗೋಡೆ ಕೆಳಗೆ ಮಲಗಿದ್ದೀರಿ’. ಕಲ್ಲು ಮಣ್ಣಿನ ಹಳೆಯ ಕೋಣೆ, ಹೊಸದಾಗಿ ಬಿರುಕು ಬಿಟ್ಟ ಗೋಡೆ ಇದ್ದರೆ ಒಂದು ವಾರವಾದರೂ ಅಂಗಳದಲ್ಲೋ, ಗಟ್ಟಿಯಾದ ಬೇರೆ ಮನೆಯಲ್ಲೋ ಮಲಗಲಿ. ಹೊರಗೆ ಮಲಗುವಾಗಲೂ ಗೋಡೆ, ಕಂಬ, ನೀರಿನ ಟ್ಯಾಂಕಿನಿಂದ ದೂರ ಇರಲಿ.

ಒಳಗೇ ಇರಬೇಕಾದರೆ ತಲೆಯ ಮೇಲೆ ಅಟ್ಟ, ಕಪಾಟು, ಭಾರದ ಸಾಮಾನು ಇರದಂತೆ ಹಾಸಿಗೆ ಸರಿಸಲಿ. ಬಾಗಿಲ ದಾರಿ ಖಾಲಿ ಇರಲಿ. ಚಪ್ಪಲಿ, ಟಾರ್ಚು ಕೈಗೆ ಸಿಗುವಲ್ಲಿರಲಿ. ನಡುಕದ ನಂತರ ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡಲಿ.

ಮನೆ ರಿಪೇರಿಗೆ ದುಡ್ಡು ಕಳಿಸುವುದಾದರೆ ಟೈಲ್ಸ್‌ಗಿಂತ ಮೊದಲು ಗೋಡೆ. ಮಾಳಿಗೆಯ ಮಣ್ಣಿನ ಭಾರ ಇಳಿಸುವುದು, ಗೋಡೆಯ ಎರಡೂ ಮುಖ ಹಿಡಿದಿಡುವಷ್ಟು ಉದ್ದದ ಕಲ್ಲು ಅಲ್ಲಲ್ಲಿ ಕೂರಿಸುವುದು, ಬಾಗಿಲು ಕಿಟಕಿಯ ಮೇಲೆ ಮನೆ ಸುತ್ತಲೂ ಒಂದು ಕಾಂಕ್ರೀಟ್ ಪಟ್ಟಿ ಕಟ್ಟುವುದು. ಊರಿನ ಗೌಂಡಿಗೆ ಇದು ಗೊತ್ತಾಗದ ಕೆಲಸವಲ್ಲ, ಹೇಳುವವರು ಬೇಕು ಅಷ್ಟೇ. ನಾವು ಮರುವರ್ಷ ಮಾಳಿಗೆಯ ಮಣ್ಣು ತೆಗೆಸಿ ತಗಡು ಹಾಕಿಸಿದೆವು. ಬೇಸಿಗೆಯಲ್ಲಿ ಸೆಕೆ ಅಂತ ಅಪ್ಪ ಇವತ್ತಿಗೂ ಬೈತಾರೆ.

ಆ ರಾತ್ರಿ ಇಷ್ಟೆಲ್ಲಾ ನನಗೆ ಗೊತ್ತಿರಲಿಲ್ಲ. ಕುಮಾಮೊಟೊ ಕಥೆ ಓದಿ ಮುಗಿಸಿದಾಗ ಹನ್ನೊಂದೂವರೆ. ಕೈ ನಡುಗುತ್ತಿತ್ತು. ಮತ್ತೆ ಅವ್ವನಿಗೆ ಫೋನ್ ಹಚ್ಚಿದೆ. ಒಂದೇ ರಿಂಗಿಗೆ ಎತ್ತಿದಳು.

“ಅವ್ವಾ, ನಾ ಹೇಳಿದ್ದು ತಪ್ಪದ. ಒಳಗ ಮಲಕೋಬ್ಯಾಡ್ರಿ, ಹೊರಗ ಬರ್ರಿ.”

ಅವ್ವ ನಕ್ಕಳು. “ನಾವು ಒಳಗ ಹೋಗೇ ಇಲ್ಲೋ ತಮ್ಮಾ. ಅಂಗಳದಾಗ ಹಾಸ್ಕೊಂಡೀವಿ. ಕಿಲ್ಲಾರಿದಾಗೂ ಹಿಂದಿನ ವರ್ಷ ಹಿಂಗೇ ಗುಡುಗುಡು ಅಂದಿತ್ತಂತ. ನೀ ಏನರೆ ಹೇಳು, ಆ ಗೋಡಿ ಕೆಳಗ ನಾ ಹ್ಯಾಂಗ ಮಲಕೊಳ್ಳಿ?”